ಐದು ಬಾಯಿಗಳ ಕಹಿ

ಮನುಷ್ಯಕುಲದ ಮುಂದೆ ಕಾಲಕಾಲಕ್ಕೆ ದೊಡ್ಡ ಪ್ರಶ್ನೆಗಳು ಬಂದು ನಿಂತಿವೆ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆಯೋ ಇಲ್ಲವೋ ಎಂಬುದು ಅವುಗಳಲ್ಲೊಂದು. ನರಗಟ್ಟಿಯ ಪುರಸಭಾ ಪ್ರೌಢಶಾಲೆಯ ಮುಂದೆ ಆ ವರ್ಷ ದಸರಾ ರಜೆಗೆ ಮುಂಚೆ ಬಂದು ನಿಂತ ಪ್ರಶ್ನೆ ಅದಕ್ಕಿಂತ ತೂಕದ್ದಾಗಿತ್ತು: ಪೆಪ್ಪರ್ಮಿಂಟು ಯಾವ ರುಚಿಯದಿರಬೇಕು?

ತೀರ್ಮಾನಕ್ಕೆಂದು ಸಮಿತಿಯೊಂದು ಕೂತಿತು. ಮುಖ್ಯೋಪಾಧ್ಯಾಯ ಗುರುಸಿದ್ದಪ್ಪ ಅಬ್ಬಿಗೇರಿಯವರು ಅಧ್ಯಕ್ಷರು. ಶಿಕ್ಷಣಾಧಿಕಾರಿಗಳು ಶುಂಠಿಯ ಪಕ್ಷ. ಔಷಧವು ಔಷಧದ ಹಾಗಿರಬೇಕೆಂಬುದು ಅವರ ವಾದ. ಪಾಲಕರ ಪರವಾಗಿ ಬಂದಿದ್ದ ಬೇಕರಿ ಮಾಲೀಕರು ಕಿತ್ತಳೆಯನ್ನು ಬಿಟ್ಟು ಕದಲಲಿಲ್ಲ. ವಿಜ್ಞಾನದ ಶಿಕ್ಷಕಿಗೆ ಜೀರಿಗೆ, ದೈಹಿಕ ಶಿಕ್ಷಕರಿಗೆ ಮಾವು, ಅಬ್ಬಿಗೇರಿಯವರಿಗೆ ಹುಣಸೆಹಣ್ಣು ಬೆಲ್ಲ ಕುಟ್ಟಿದ ಚಿಗಳಿ. ಸಭೆಯ ಮೇಲೆ ಸಭೆ ನಡೆದು, ಒಮ್ಮೆ ಶಿಕ್ಷಣಾಧಿಕಾರಿಗಳು ಎದ್ದು ಹೋಗಿ, ಚಹಾ ಬಂತೆಂದು ತಿಳಿದು ಮರಳಿ ಬಂದು, ಕೊನೆಗೆ ಯಾರ ಮನಸ್ಸೂ ನೋಯದಂತೆ ಐದೂ ರುಚಿಗಳನ್ನು ಮಂಜೂರು ಮಾಡಲಾಯಿತು. ಪ್ರತಿ ವಿದ್ಯಾರ್ಥಿಗೂ ಒಂದು ಪೆಪ್ಪರ್ಮಿಂಟು. ರುಚಿ ಕೈಗೆ ಬಂದದ್ದು.

“ರುಚಿಯಿಂದ ಯಂತ್ರಕ್ಕೆ ಯಾವ ವ್ಯತ್ಯಾಸವೂ ಆಗುವುದಿಲ್ಲ,” ಎಂದು ಡಾ. ಮಂದಾಕಿನಿ ಹಂದೆ ಬೆಂಗಳೂರಿನಿಂದ ತೆರೆಯ ಮೇಲೆ ಕಾಣಿಸಿಕೊಂಡು ಭರವಸೆ ಕೊಟ್ಟರು. ಯಂತ್ರವನ್ನು ರೂಪಿಸಿದವರು ಅವರೇ ಆದ್ದರಿಂದ ಎಲ್ಲರೂ ನಂಬಿದರು.

ಯಂತ್ರವೆಂದರೆ ಆ ಪೆಪ್ಪರ್ಮಿಂಟೇ. ಅದರ ಸರಕಾರಿ ಹೆಸರು ‘ರುಚಿಗಾವಲು’. ಒಂದೊಂದರಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣವಾದ ಸಾವಿರಾರು ಕಾವಲುಕಣಗಳು. ಚೀಪಿದಾಗ ಅವು ವಸಡಿನ ಬುಡದಲ್ಲಿ ಬಿಡಾರ ಹೂಡಿ ಅರ್ಧ ವರ್ಷ ಅಲ್ಲೇ ಇರುತ್ತಿದ್ದವು. ಹುಡುಗ ಗುಟ್ಕಾ ಹಾಕಲಿ, ಬೀಡಿ ಎಳೆಯಲಿ, ಗಾಂಜಾ ಸೇದಲಿ, ಅಂಟಿನ ಆವಿ ಮೂಸಲಿ, ಅಮಲಿನ ಗುಳಿಗೆ ನುಂಗಲಿ, ಅದರ ಅಂಶ ಎಂಜಲಿನಲ್ಲಿ ಇಳಿದ ಕೂಡಲೆ ಕಣಗಳು ಗುರುತು ಹಿಡಿಯುತ್ತಿದ್ದವು. ಆಮೇಲೆ ಎರಡು ಕೆಲಸ ಮಾಡುತ್ತಿದ್ದವು. ಒಂದು, ಬಾಯಿಗೆ ಎರಡು ಮೂರು ತಾಸು ಬಿಡದ ಕಹಿಯನ್ನು ಒಸರುವುದು. ಇನ್ನೊಂದು, ಊರಿನ ಸಂಕೇತ ಕಂಬಗಳ ಮೂಲಕ ಮುಖ್ಯೋಪಾಧ್ಯಾಯರ ಕೋಣೆಯ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುವುದು. ಪೆಟ್ಟಿಗೆಯ ಮೇಲೆ ದೀಪ ಹತ್ತಿ, ಆ ಪೆಪ್ಪರ್ಮಿಂಟು ಯಾರ ಹೆಸರಿನಲ್ಲಿ ದಾಖಲಾಗಿತ್ತೋ ಆ ವಿದ್ಯಾರ್ಥಿಯ ಸಂಖ್ಯೆ ಮೂಡುತ್ತಿತ್ತು.

ಜೂನ್ ತಿಂಗಳಲ್ಲಿ ಪೆಟ್ಟಿಗೆ ಕೂಡಿಸಲು ಡಾ. ಹಂದೆ ಸ್ವತಃ ಬಂದಿದ್ದಾಗ ಅಬ್ಬಿಗೇರಿಯವರು ಒಂದು ಅನುಮಾನ ಎತ್ತಿದ್ದರು.

“ಅಲ್ರಿ ಮೇಡಂ, ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ ಬಳ್ಳೊಳ್ಳಿ ಚಟ್ನಿ ಅಂದ್ರ ಕಣ್ಣಾಗ ನೀರು ತರಸ್ತೈತಿ. ಅದನ್ನ ತಿಂದ್ರೂ ದೀಪ ಹತ್ತಿದ್ರ?”

“ಹತ್ತುವುದಿಲ್ಲ. ಒಂದೊಂದು ಕಣವೂ ತಾನೇ ತೀರ್ಮಾನ ಮಾಡುವುದಿಲ್ಲ, ಸರ್. ಒಂದು ಪೆಪ್ಪರ್ಮಿಂಟಿನ ಕಣಗಳೆಲ್ಲ ಒಂದು ಕುಟುಂಬ. ಐದರಲ್ಲೊಂದು ಪಾಲು ಕಣಗಳು ‘ಹೌದು’ ಅಂದರೆ ಮಾತ್ರ ಕುಟುಂಬ ನಂಬುತ್ತದೆ. ನಂಬಿದ ಮೇಲೆ ಎಲ್ಲ ಕಣಗಳೂ ಒಟ್ಟಿಗೆ ಕಹಿ ಬಿಡುತ್ತವೆ. ಇದಕ್ಕೆ ನಾವು ಕೂಡುಕುಟುಂಬ ತತ್ವ ಅಂತ ಹೆಸರಿಟ್ಟಿದ್ದೇವೆ.”

“ನಮ್ಮನ್ಯಾಗೂ ಹಂಗಽ ಐತ್ರಿ,” ಎಂದರು ಅಬ್ಬಿಗೇರಿಯವರು. “ಒಬ್ಬಾಕಿ ಸಿಟ್ಟಾದ್ರ ಮನಿ ಮಂದಿಗೆಲ್ಲಾ ಸಪ್ಪನ ಊಟ.”

ಮೊದಲ ಅವಧಿಯ ಪೆಪ್ಪರ್ಮಿಂಟಿಗೆ ಸೀಮೆಸುಣ್ಣದ ರುಚಿಯಿತ್ತು. ಅರ್ಧ ಮಕ್ಕಳು ಅದನ್ನು ಉಗುಳಿದ್ದರು. ರುಚಿಯ ಪ್ರಶ್ನೆ ಹುಟ್ಟಿದ್ದೇ ಹಾಗೆ. ಉಳಿದ ಅರ್ಧದಲ್ಲಿ ದೀಪ ಆಗಾಗ ಹತ್ತುತ್ತಿತ್ತು. ಇಲಾಖೆಯ ನಿಯಮ ಸರಳವಾಗಿತ್ತು. ಮೊದಲ ಸಲ ಮನೆಯವರನ್ನು ಕರೆಸುವುದು, ಎರಡನೆಯ ಸಲ ಎಚ್ಚರಿಕೆ, ಮೂರನೆಯ ಸಲ ಹಾಜರಿಯಿಂದ ಹೆಸರು ಕಡಿದು ಜಿಲ್ಲಾ ಸುಧಾರಣಾ ಕೇಂದ್ರಕ್ಕೆ ಕಳಿಸುವುದು. ಕೇಂದ್ರದಲ್ಲಿ ಜಾಗ ಸಾಲದೆ ಹೆಸರು ಕಡಿಸಿಕೊಂಡವರು ಸರದಿ ಬರುವತನಕ ಮನೆಯಲ್ಲೇ ಇರುತ್ತಿದ್ದರು. ಇದು ನಿಯಮ ಬರೆದವರಿಗೆ ಗೊತ್ತಿರಲಿಲ್ಲ.

ಒಂಬತ್ತನೆಯ ‘ಬಿ’ ವರ್ಗದ ಫಕೀರಪ್ಪನ ಸಂಖ್ಯೆ ಆ ಅವಧಿಯಲ್ಲಿ ಎರಡು ಸಲ ಮೂಡಿತು. ತಂದೆತಾಯಿ ಇಲ್ಲದ ಅವನು ಅಣ್ಣ ಯಲ್ಲಪ್ಪನ ಜೊತೆ ಬೈಪಾಸಿನ ಪಂಕ್ಚರ್ ಅಂಗಡಿಯಲ್ಲಿ ಇರುತ್ತಿದ್ದ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದೇ ತಾಸಿನಲ್ಲಿ ರೈಲು ಮುಟ್ಟುವ ಕಾಲ ಅದು. ತೂತು ಬಿದ್ದರೆ ತಾವೇ ಮುಚ್ಚಿಕೊಳ್ಳುವ ಟೈರುಗಳೂ ಬಂದಿದ್ದವು. ಆದರೆ ನರಗಟ್ಟಿಯ ಬೈಕಿನವರಿಗೆ ಅವು ಇನ್ನೂ ತಲುಪಿರಲಿಲ್ಲವಾಗಿ ಯಲ್ಲಪ್ಪನ ಅಂಗಡಿ ನಡೆಯುತ್ತಿತ್ತು, ಅಲ್ಲಿ ತೇಪೆ ಹಚ್ಚುವ ಅಂಟು, ಅಂದರೆ ಸಲ್ಯೂಷನ್ನಿನ ಟ್ಯೂಬುಗಳು ಇರುತ್ತಿದ್ದವು. ಸಂಜೆ ಅಣ್ಣ ರಸ್ತೆಯಲ್ಲಿ ಕೆಟ್ಟುನಿಂತ ಲಾರಿಗಳ ಕಡೆ ಹೋದಾಗ ಅಂಗಡಿಯಲ್ಲಿ ಫಕೀರಪ್ಪ ಒಬ್ಬನೇ. ಮೊದಲು ಆ ವಾಸನೆ ಅವನಿಗೆ ಹಿಡಿಸಿತು, ಆಮೇಲೆ ಹಿಡಿದುಕೊಂಡಿತು. ಮೂರನೆಯ ಸಲ ದೀಪ ಹತ್ತಿದರೆ ಅವನಿಗೆ ಶಾಲೆ ಇಲ್ಲ. ಶಾಲೆ ಇಲ್ಲದಿದ್ದರೆ ದಿನವಿಡೀ ಅದೇ ಅಂಗಡಿ, ಅವೇ ಟ್ಯೂಬುಗಳು.

ದಸರಾ ರಜೆ ಮುಗಿದು, ಹಳೆಯ ಕಣಗಳನ್ನು ಬಾಯಿ ಮುಕ್ಕಳಿಸಿ ಕಳೆದು, ಹೊಸ ಪೆಪ್ಪರ್ಮಿಂಟು ಹಂಚಿದ ದಿನ ಪ್ರಾರ್ಥನೆಯ ಮೈದಾನದಲ್ಲಿ ಎಂದೂ ಇಲ್ಲದ ಶಿಸ್ತು ಕಂಡುಬಂತು. ಯಾರೂ ಉಗುಳಲಿಲ್ಲ. ಅಬ್ಬಿಗೇರಿಯವರು ತೃಪ್ತಿಯಿಂದ ಒಳಗೆ ಹೋದರು. ಅವರು ಹೋದ ಮೇಲೆ ನಡೆದದ್ದನ್ನು ಯಾರೂ ಗಮನಿಸಲಿಲ್ಲ. ಗಮನಿಸಿದ್ದರೂ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ.

ವಾರ ಕಳೆದಿರಬಹುದು. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಪೆಟ್ಟಿಗೆಯ ದೀಪ ಹತ್ತಿತು. ಒಂದರ ಕೆಳಗೊಂದು ಐದು ಸಂಖ್ಯೆಗಳು ಮೂಡಿದವು. ಎಲ್ಲವೂ ಒಂಬತ್ತನೆಯ ‘ಬಿ’. ಮೊದಲನೆಯದು ಫಕೀರಪ್ಪನದು. ಎರಡನೆಯದು ಅವನ ಗೆಳೆಯ ದಾವಲಸಾಬನದು. ಮೂರನೆಯದು ಮತ್ತು ನಾಲ್ಕನೆಯದು ಅವಳಿಗಳಾದ ಕೊಟ್ರೇಶ, ಮಲ್ಲೇಶರದು. ಐದನೆಯದು ಶಾವಂತ್ರಿಯದು. ಶಾವಂತ್ರಿ ವರ್ಗದ ನಾಯಕಿ, ಗಣಿತದಲ್ಲಿ ತಾಲೂಕಿಗೆ ಮೊದಲಿಗಳು, ಅಬ್ಬಿಗೇರಿಯವರು ಮುಂದಿನ ವರ್ಷದ ಫಲಿತಾಂಶದ ಭಾರವನ್ನೆಲ್ಲ ಹೊರಿಸಿದ್ದ ಹುಡುಗಿ.

ಐವರೂ ಕೋಣೆಯಲ್ಲಿ ಸಾಲಾಗಿ ನಿಂತರು. ಐವರ ಮುಖವೂ ಒಂದೇ ಥರ ಸೊಟ್ಟಗಾಗಿತ್ತು.

“ಯಾರ್ಲೇ ಅದು?”

ಯಾರೂ ಬಾಯಿ ಬಿಡಲಿಲ್ಲ. ಬಿಡುವುದು ಕಷ್ಟವೂ ಆಗಿತ್ತು.

“ಶಾವಂತ್ರಿ, ನೀನೂ?”

“ನಾ ಏನೂ ಮಾಡಿಲ್ರಿ ಸರ್. ಉಣ್ಣಾಕ ಕುಂತಿದ್ದೆ, ಬಾಯಾಗ ಒಮ್ಮಿಂದೊಮ್ಮೆ ಬೇವಿನ ರಸ ಸುರದಂಗಾತ್ರಿ.”

“ನನಗೂ ಹಂಗಽ ಆತ್ರಿ,” ಎಂದ ಕೊಟ್ರೇಶ.

“ಹಂಗಽ ಆತ್ರಿ,” ಎಂದ ಮಲ್ಲೇಶ.

“ಸರ್, ಹೊರಗ ಹೋಗಿ ಉಗುಳಿ ಬರ್ಲೇನ್ರಿ?” ಎಂದ ದಾವಲಸಾಬ.

ಫಕೀರಪ್ಪ ನೆಲ ನೋಡುತ್ತಿದ್ದ. ಕಿಸೆಯಲ್ಲಿ ಕೈ ಇತ್ತು.

ಅಬ್ಬಿಗೇರಿಯವರು ಡಾ. ಹಂದೆಗೆ ಫೋನು ಹಚ್ಚಿ, ಯಂತ್ರ ಕೆಟ್ಟಿದೆ ಎಂದರು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದರು ಡಾ. ಹಂದೆ. “ನಿಮ್ಮ ಯಂತ್ರದ ಪರಿಚಯ ನನಗ ಜೂನಿನಿಂದ ಮೇಡಂ, ಈ ಹುಡುಗಿದು ಅಂಗನವಾಡಿಯಿಂದ,” ಎಂದು ಅಬ್ಬಿಗೇರಿಯವರು ಫೋನಿಟ್ಟರು. ಮರುದಿನ ಡಾ. ಹಂದೆ ಬಂದಿಳಿದರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದು ತಾಸು, ಹುಬ್ಬಳ್ಳಿಯಿಂದ ನರಗಟ್ಟಿಗೆ ಬಸ್ಸಿನಲ್ಲಿ ಎರಡು ತಾಸು.

ಅವರು ಐವರ ಎಂಜಲನ್ನೂ ಪರೀಕ್ಷಿಸಿ, ಮತ್ತೊಮ್ಮೆ ಪರೀಕ್ಷಿಸಿ, ಕನ್ನಡಕ ತೆಗೆದಿಟ್ಟರು.

“ಇದು ಆಗಲು ಸಾಧ್ಯವಿಲ್ಲ. ಪ್ರತಿಯೊಬ್ಬರ ಬಾಯಲ್ಲೂ ಐದು ಕುಟುಂಬದ ಕಣಗಳಿವೆ. ನೀವು ಪೆಪ್ಪರ್ಮಿಂಟನ್ನು ಒಡೆದು ಹಂಚಿಕೊಂಡಿರಾ?”

“ಹೌದ್ರಿ,” ಎಂದಳು ಶಾವಂತ್ರಿ. “ಐದ್ ರುಚಿ ಇದ್ವಲ್ರಿ. ಒಬ್ಬೊಬ್ರಿಗೆ ಒಂದೊಂದಽ ಕೊಟ್ರ ಉಳಿದಿದ್ದು ಹೆಂಗಿರ್ತಾವಂತ ಗೊತ್ತಾಗೂದು ಹೆಂಗ್ರಿ?”

“ಆದರೆ ಅದು ಒಡೆಯುವುದೇ ಇಲ್ಲವಲ್ಲ! ಚಾಕು ಹಾಕಿದರೂ ಜಾರುತ್ತದೆ. ಕಲ್ಲಿನಲ್ಲಿ ಜಜ್ಜಿದರೂ ಒಡೆಯುವುದಿಲ್ಲ. ಅದಕ್ಕೇ ನಾವು ಒಂದು ವರ್ಷ ಕಳೆದಿದ್ದೇವೆ.”

ದಾವಲಸಾಬ ಮೇಜಿನ ಮೇಲಿದ್ದ ಒಂದು ಹೊಸ ಪೆಪ್ಪರ್ಮಿಂಟು ಎತ್ತಿಕೊಂಡ. ಅಂಗಿಯ ತುದಿಯನ್ನು ಅದರ ಸುತ್ತ ಬಿಗಿಯಾಗಿ ಸುತ್ತಿದ. ಬಾಯಿಗಿಟ್ಟು ಕಡಿದ. ಕಟಕ್ಕೆಂದಿತು. ಬಟ್ಟೆ ಬಿಚ್ಚಿ ತುಂಡುಗಳನ್ನು ಅಂಗೈಯಲ್ಲಿ ತೋರಿಸಿದ.

“ಗುಬ್ಬಿ ಎಂಜಲಾ ರಿ ಮೇಡಂ. ನಡುವ ಅಂಗಿ ಇರ್ತೈತಲ್ರಿ, ಹಲ್ಲು ಹತ್ತೂದಿಲ್ಲ. ಎಂಜಲಾ ಆಗೂದಿಲ್ಲ. ಯಾರ್ ಬೇಕಾದ್ರೂ ತಿನ್ನಬಹುದು.”

ಡಾ. ಹಂದೆ ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ತಮ್ಮೂರು ಕೋಟದ ಶಾಲೆಯ ಹಿಂಬದಿಯಲ್ಲಿ ಇದೇ ರೀತಿ ಲಂಗದ ಅಂಚಿನಲ್ಲಿ ನೆಲ್ಲಿಕಾಯಿ ಕಡಿದು ಹಂಚಿದವರು ಅವರು. ಪ್ರಯೋಗಾಲಯದಲ್ಲಿ ಚಾಕು, ಕಲ್ಲು, ಬಿಸಿನೀರು, ಸುತ್ತಿಗೆ ಎಲ್ಲವನ್ನೂ ಯೋಚಿಸಿದ್ದರು. ಅಂಗಿ ಹೊಳೆದಿರಲಿಲ್ಲ.

“ನಮ್ಮ ಕಡೆ ಇದಕ್ಕೆ ಕಾಗೆ ಎಂಜಲು ಅನ್ನುತ್ತೇವೆ,” ಎಂದರು ಮೆಲ್ಲಗೆ.

“ಕಾಗಿ ಬಾಯಿ ದೊಡ್ಡದ್ರಿ ಮೇಡಂ, ಹಂಚಾಕ ಏನೂ ಉಳಿಯೂದಿಲ್ಲ,” ಎಂದ ದಾವಲಸಾಬ.

ಮಕ್ಕಳನ್ನು ಹೊರಗೆ ನಿಲ್ಲಿಸಿ ಅವರು ಮುಖ್ಯೋಪಾಧ್ಯಾಯರಿಗೆ ವಿಷಯ ಬಿಡಿಸಿ ಹೇಳಿದರು. ಒಬ್ಬ ಹುಡುಗ ಏನನ್ನೋ ಮೂಸಿದ. ಅವನ ಬಾಯಲ್ಲಿ ಐದೂ ಕುಟುಂಬಗಳ ಐದರಲ್ಲೊಂದು ಪಾಲು ಕಣಗಳಿದ್ದವು. ಕುಟುಂಬ ನಂಬಲು ಅಷ್ಟು ಸಾಕು. ಐದೂ ಕುಟುಂಬಗಳು ನಂಬಿದವು, ಎಲ್ಲೆಲ್ಲಿ ತಮ್ಮವರಿದ್ದರೋ ಅಲ್ಲೆಲ್ಲ ಕಹಿ ಬಿಟ್ಟವು. ಮೂಸಿದವನು ಒಬ್ಬ, ಕಹಿಯಾದದ್ದು ಐವರಿಗೆ.

“ಆ ಒಬ್ಬಾಂವ ಯಾರು?”

“ಪೆಟ್ಟಿಗೆಗೆ ಗೊತ್ತಿಲ್ಲ.”

“ನಮಗ ಗೊತ್ತಾಗೂದಿಲ್ಲೇನ್ರಿ? ಎರಡ್ ಸಲ ಸಿಕ್ಕಾಂವ ಒಬ್ಬನಽ ಅದಾನ.”

“ಅದು ಊಹೆ ಸರ್. ನಾನು ವಿಜ್ಞಾನಿ, ಊಹೆಯನ್ನು ಬರೆದುಕೊಡಲಾರೆ.”

ಅಬ್ಬಿಗೇರಿಯವರು ಕಿಟಕಿಯಾಚೆ ನೋಡಿದರು. “ಹಂಗಾದ್ರ ನನಗೂ ಗೊತ್ತಿಲ್ಲ ಬಿಡ್ರಿ,” ಎಂದರು.

ಅಷ್ಟರಲ್ಲಿ ಫಕೀರಪ್ಪ ಬಾಗಿಲಲ್ಲಿ ಬಂದು ನಿಂತಿದ್ದ. “ನಾನಽ ರಿ ಸರ್,” ಎಂದ.

“ನಿನ್ನ ಯಾರ್ ಕೇಳ್ಯಾರಲೇ? ದೊಡ್ಡವ್ರು ಮಾತಾಡೂಮುಂದ ನಡುವ ಬಾಯಿ ಹಾಕ್ತಿ? ಹೋಗಿ ಹೊರಗ ನಿಂದ್ರು!”

ಮುಂದಿನ ದಾರಿ ಡಾ. ಹಂದೆಗೆ ಸ್ಪಷ್ಟವಿತ್ತು. ಅವರ ಚೀಲದಲ್ಲಿ ಕಣಗಳನ್ನು ಕರಗಿಸುವ ನೇರಳೆ ಬಣ್ಣದ ದ್ರಾವಣವಿತ್ತು. ಐವರೂ ಬಾಯಿ ಮುಕ್ಕಳಿಸುವುದು, ಆಮೇಲೆ ಒಬ್ಬೊಬ್ಬರನ್ನೇ ಕರೆದು ತಮ್ಮ ಕಣ್ಣೆದುರಿಗೆ ಹೊಸದನ್ನು ಚೀಪಿಸುವುದು. ಮೊದಲ ಲೋಟವನ್ನು ದಾವಲಸಾಬ ಖುಷಿಯಿಂದಲೇ ತೆಗೆದುಕೊಂಡ. ತುಟಿಗೆ ಮುಟ್ಟಿಸುವಷ್ಟರಲ್ಲಿ ಶಾವಂತ್ರಿ ಅವನ ಮೊಣಕೈ ಹಿಡಿದಳು.

“ಮೇಡಂ, ಇದನ್ನ ಮುಕ್ಕಳಿಸಿದ್ರ ಫಕೀರಪ್ಪನ ಬಾಯಾಗ ಅವಂದಽ ಒಂದ್ ನಂಬರ್ ಉಳಿತೈತಲ್ರಿ?”

“ಹೌದು. ಈಗ ಎಲ್ಲ ಸರಿಯಾಗುತ್ತದೆ.”

“ಮುಂದಿನ ಸಲ ದೀಪ ಹತ್ತಿದ್ರ ಅವನ ಹೆಸರು ಹೊಡಿತಾರ.”

ದಾವಲಸಾಬ ಲೋಟವನ್ನು ನೋಡಿದ, ಫಕೀರಪ್ಪನನ್ನು ನೋಡಿದ, ಮತ್ತೆ ಲೋಟವನ್ನು ನೋಡಿದ.

“ಮುಕ್ಕಳಸ್ರಿಲೇ,” ಎಂದ ಫಕೀರಪ್ಪ. “ನನ್ನ ಸಲುವಾಗಿ ನೀವ್ಯಾಕ ಕಹಿ ತಿಂತೀರಿ? ನನಗ ಬಿಡಾಕ ಆಗವಲ್ದು. ಬಿಡಬೇಕಂತನಽ ಇರ್ತೇನಿ, ಸಂಜಿಮುಂದ ಒಬ್ಬನಽ ಕುಂತಾಗ ಕೈ ತಾನಽ ಹೋಗ್ತೈತಿ.”

“ಏ, ಸುಮ್ನಿರಲೇ ಶಾಣ್ಯಾ,” ಎಂದು ದಾವಲಸಾಬ ಲೋಟವನ್ನು ಮೇಜಿನ ಮೇಲಿಟ್ಟ. “ನೀ ಮೂಸಿದ್ದು ನಮಗ ಅಲ್ಲೇ ಗೊತ್ತಾಗ್ತೈತಿ. ಗೊತ್ತಾದ ಕೂಡ್ಲೆ ಬಂದು ಬಡಿತೇವಿ. ಮೇಡಂ, ನಂದು ಹಿಂಗಽ ಇರ್ಲಿ ಬಿಡ್ರಿ.”

“ನಂದೂ ಇರ್ಲಿ ಬಿಡ್ರಿ,” ಎಂದ ಕೊಟ್ರೇಶ.

ಮಲ್ಲೇಶ ಸ್ವಲ್ಪ ತಡೆದ. ಅವನಿಗೆ ಊಟದ ಮೇಲೆ ಪ್ರೀತಿ ಹೆಚ್ಚು. ಕೊನೆಗೆ, “ಇರ್ಲಿ ಬಿಡ್ರಿ,” ಎಂದ.

ದ್ರಾವಣದಿಂದ ಬಲವಂತವಾಗಿ ಬಾಯಿ ಮುಕ್ಕಳಿಸುವಂತೆ ಮಾಡುವ ಅಧಿಕಾರ ಯಾವ ನಿಯಮದಲ್ಲೂ ಇರಲಿಲ್ಲ. ಡಾ. ಹಂದೆ ಬಾಟಲಿಯ ಮುಚ್ಚಳ ತಿರುಗಿಸಿದರು. ಕಣಗಳ ಆಯುಷ್ಯ ಹೇಗೂ ಅರ್ಧ ವರ್ಷ, ಅಲ್ಲಿಯತನಕ ಇದನ್ನು ಪ್ರಯೋಗವೆಂದು ಕರೆದರಾಯಿತು, ಐದು ಸಂಖ್ಯೆಗಳು ಒಟ್ಟಿಗೆ ಮೂಡಿದ ದೀಪ ನಿಯಮದ ಲೆಕ್ಕಕ್ಕಿಲ್ಲ ಎಂದು ಅಬ್ಬಿಗೇರಿಯವರಿಗೆ ಹೇಳಿದರು. ಹೋಗುವ ಮುನ್ನ ತಾಲೂಕು ಆಸ್ಪತ್ರೆಯ ಮನೋವೈದ್ಯರಿಗೆ ಫಕೀರಪ್ಪನ ವಿಷಯ ಹೇಳಿ ಶನಿವಾರದ ಭೇಟಿಯನ್ನು ಗೊತ್ತುಮಾಡಿದರು. ಮೊದಲ ಶನಿವಾರ ಅವನ ಜೊತೆ ನಾಲ್ವರೂ ಹೋದರು. ವೈದ್ಯರು ರೋಗಿ ಯಾರೆಂದು ಕೇಳಬೇಕಾಯಿತು.

ಚಟವೆಂಬುದು ಒಂದು ಮಾತಿಗೆ ಬಿಟ್ಟು ಹೋಗುವಂಥದ್ದಲ್ಲ. ಕಹಿ ಮತ್ತೆ ಬಂತು. ಶಾವಂತ್ರಿ ಬೀಜಗಣಿತ ಬಿಡಿಸುತ್ತಿದ್ದಾಗ ಬಂತು, ಅವಳಿಗಳು ಸೋದರಮಾವನ ಮದುವೆಯಲ್ಲಿ ಮೂರನೆಯ ಹೋಳಿಗೆಗೆ ಕೈ ಚಾಚಿದಾಗ ಬಂತು. ಬಂದಾಗಲೆಲ್ಲ ನಾಲ್ವರೂ ಎಲ್ಲಿದ್ದರೂ ಎದ್ದು ಬೈಪಾಸಿನ ದಾರಿ ಹಿಡಿಯುತ್ತಿದ್ದರು. ಹೋದ ಮೇಲೆ ದೊಡ್ಡ ಉಪದೇಶವೇನೂ ನಡೆಯುತ್ತಿರಲಿಲ್ಲ. ದಾವಲಸಾಬ ಬೈಯುತ್ತಿದ್ದ, ಅವಳಿಗಳು ಕಳೆದುಕೊಂಡ ಊಟದ ವರ್ಣನೆ ಮಾಡುತ್ತಿದ್ದರು, ಶಾವಂತ್ರಿ ಪುಸ್ತಕ ತೆಗೆದು ಅಲ್ಲೇ ಹಳೆಯ ಟೈರಿನ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದಳು. ಕಹಿ ಇಳಿಯುವವರೆಗೆ ಯಾರೂ ಏಳುತ್ತಿರಲಿಲ್ಲ.

“ಏನ್ರಲೇ ಇದು?” ಎಂದು ಯಲ್ಲಪ್ಪ ಒಂದು ದಿನ ಜಾಕು ಕೆಳಗಿಟ್ಟು ಕೇಳಿದ. “ನಾಕ್ ಮಂದಿ ಕೂಡಿ ಬಂದು ನನ್ನ ಅಂಗಡಿ ಮುಂದಽ ಉಗುಳ್ತೀರಿ. ನಾ ಏನ್ ತಪ್ಪ ಮಾಡೇನಿ?”

ಶಾವಂತ್ರಿ ಹೇಳಿದಳು. ಮೊದಲ ಸಲ ಶಾಲೆಗೆ ಕರೆಸಿದ್ದಾಗಲೂ ಅವನಿಗೆ ಯಾರೋ ಇದನ್ನು ಹೇಳಿದ್ದರು. ಆದರೆ ಆಗ ‘ಬಾಷ್ಪಶೀಲ ದ್ರಾವಕದ ದುರ್ಬಳಕೆ’ ಎಂದಿದ್ದರಿಂದ ಅದು ತನ್ನ ಅಂಗಡಿಯ ಸಾಮಾನೆಂದು ಅವನಿಗೆ ತಿಳಿದಿರಲಿಲ್ಲ. ಯಲ್ಲಪ್ಪ ತಮ್ಮನನ್ನು ಹೊಡೆಯಲು ಕೈ ಎತ್ತಿ, ನಾಲ್ವರು ನೋಡುತ್ತಿದ್ದರಿಂದ ಇಳಿಸಿದ. ಟ್ಯೂಬುಗಳನ್ನೆಲ್ಲ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ.

ಆದರೂ ರಮಜಾನ್ ಹಬ್ಬದ ದಿನ ಯಲ್ಲಪ್ಪ ಗಡಿಬಿಡಿಯಲ್ಲಿ ಒಂದು ಟ್ಯೂಬನ್ನು ಹೊರಗೆ ಮರೆತು ಲಾರಿಯೊಂದರ ಹಿಂದೆ ಹೋದ. ದಾವಲಸಾಬನ ಮನೆಯಲ್ಲಿ ಆಗಷ್ಟೇ ಹಬ್ಬದ ಶಾವಿಗೆ ಪಾಯಸ ಸುರಕುಂಬಾ ಬಡಿಸಿದ್ದರು. ಒಂದು ತಿಂಗಳು ಉಪವಾಸವಿದ್ದ ಹುಡುಗ ಮೊದಲ ಚಮಚ ಬಾಯಿಗಿಟ್ಟ, ಹಾಗೇ ಕೂತ. ತಾಯಿ ಸಕ್ಕರೆ ಕಡಿಮೆಯಾಯಿತೇ ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ, ಒಂದು ಡಬ್ಬಿ ತುಂಬಿಸಿಕೊಂಡು, ಉಳಿದ ಮೂವರಿಗಿಂತ ಮೊದಲೇ ಹೊಸ ಬಟ್ಟೆಯಲ್ಲೇ ಅಂಗಡಿಗೆ ನಡೆದ.

ಫಕೀರಪ್ಪ ಅವನನ್ನು ದೂರದಿಂದಲೇ ನೋಡಿ ಎದ್ದು ನಿಂತ. ಬೈಗುಳಕ್ಕೆ ಸಿದ್ಧನಾಗಿದ್ದ. ದಾವಲಸಾಬ ಅಂದು ಬೈಯಲಿಲ್ಲ. ಟೈರಿನ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದ.

“ತಗೊ, ತಿನ್ನು. ಹಬ್ಬ ಐತಿ.”

“ನನ್ನ ಬಾಯೂ ಕಹಿ ಐತಲೋ.”

“ಗೊತ್ತೈತಿ. ನಮ್ಮವ್ವ ಮುಂಜಾನೆಯಿಂದ ಒಲಿ ಮುಂದ ಕುಂತು ಮಾಡ್ಯಾಳ. ಯಾರರೆ ತಿನ್ನಬೇಕಲ್ಲ.”

ಇಬ್ಬರೂ ಒಂದೇ ಚಮಚದಲ್ಲಿ ತಿಂದರು. ಖರ್ಜೂರ, ಗೋಡಂಬಿ, ಕೇಸರಿ ಎಲ್ಲವೂ ಬೇವಿನಂತಿದ್ದವು. ಫಕೀರಪ್ಪ ಅರ್ಧಕ್ಕೆ ಬಂದಾಗ ಅಳತೊಡಗಿದ. ದಾವಲಸಾಬ ರಸ್ತೆಯಲ್ಲಿ ಹೋಗುವ ಲಾರಿಗಳ ನಂಬರು ಓದುತ್ತ ಕೂತ. ಡಬ್ಬಿ ಖಾಲಿಯಾದ ಮೇಲೆ ಫಕೀರಪ್ಪ ಟ್ಯೂಬನ್ನು ತೆಗೆದು ಅವನ ಕೈಗೆ ಕೊಟ್ಟ.

ಅದರ ನಂತರ ದೀಪ ಹತ್ತಲಿಲ್ಲ. ಆಸೆ ಹತ್ತಲಿಲ್ಲವೆಂದಲ್ಲ, ಹತ್ತಿದಾಗ ಫಕೀರಪ್ಪ ಅಂಗಡಿಯಿಂದ ಎದ್ದು ದಾವಲಸಾಬನ ಮನೆಗೋ ಅವಳಿಗಳ ಮನೆಗೋ ಹೋಗಿ ಕೂರುವುದನ್ನು ಕಲಿತ. ಏಪ್ರಿಲಿನಲ್ಲಿ ಕಣಗಳು ಸತ್ತವು. ಅದನ್ನು ಐವರಿಗೂ ಯಾರೂ ತಿಳಿಸಲಿಲ್ಲ.

ಡಾ. ಹಂದೆ ತಮ್ಮ ವರದಿಯಲ್ಲಿ ಇದನ್ನೆಲ್ಲ ಪ್ರಾಮಾಣಿಕವಾಗಿ ಬರೆದರು. ಇಲಾಖೆ ಉತ್ಸಾಹದಿಂದ ಸುತ್ತೋಲೆ ಹೊರಡಿಸಿತು: ಇನ್ನು ಮುಂದೆ ಎಲ್ಲ ಪ್ರೌಢಶಾಲೆಗಳಲ್ಲೂ ‘ಪಂಚಮುಖಿ ಹಂಚಿಕೆ ವಿಧಾನ’. ಹಾಜರಿಯ ಕ್ರಮದಲ್ಲಿ ಐದೈದು ಮಕ್ಕಳ ಗುಂಪು ಮಾಡಿ, ಪೆಪ್ಪರ್ಮಿಂಟನ್ನು ಶುಚಿಯಾದ ಯಂತ್ರದಲ್ಲಿ ಐದು ಸಮಪಾಲಾಗಿ ಕತ್ತರಿಸಿ ಕೊಡತಕ್ಕದ್ದು. ಅಂಗಿಯ ಬಳಕೆಯನ್ನು ನಿಷೇಧಿಸಲಾಗಿದೆ. ಸುತ್ತೋಲೆ ಹೋದ ಶಾಲೆಗಳಲ್ಲಿ ಒಬ್ಬರನ್ನೊಬ್ಬರು ಅರಿಯದ ಐವರು ಒಬ್ಬರ ಮೇಲೊಬ್ಬರು ದೂರು ಕೊಟ್ಟರು, ಎರಡು ಕಡೆ ಹೊಡೆದಾಟವಾಯಿತು, ಒಂದು ಕಡೆ ಪಾಲಕರು ನ್ಯಾಯಾಲಯಕ್ಕೆ ಹೋದರು. ಡಾ. ಹಂದೆ ತಪ್ಪು ಎಲ್ಲಾಯಿತೆಂದು ವಿವರಿಸಿ ಬರೆದ ಎರಡನೆಯ ವರದಿಯನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಲಾಯಿತು. ರುಚಿಗಾವಲನ್ನು ಹಿಂತೆಗೆದುಕೊಂಡರು.

ಮರುವರ್ಷ ಫಕೀರಪ್ಪ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ದರ್ಜೆಯಲ್ಲಿ ಪಾಸಾದ.